ಚಾವಡಿಯಲ್ಲಿ ತಾಳಮದ್ದಳೆ ಕೇಳಲು 25 ಸಾವಿರದೊಳಗೆ ಯಾವ ಬುಕ್‌ಶೆಲ್ಫ್ ಸ್ಪೀಕರ್?

ನೀರ್ಚಾಲು ಮಾಸ್ಟ್ರು

ಎಲ್ಲರಿಗೂ ನಮಸ್ಕಾರ. ಮನೆಗೆ ಒಂದು ಜೊತೆ ಬುಕ್‌ಶೆಲ್ಫ್ ಸ್ಪೀಕರ್ ತರಬೇಕು ಅಂತ ಉಂಟು. ಆಂಪ್ಲಿಫೈಯರ್ ಬೇಕಾದರೆ ಅದೂ ಸೇರಿ 25,000 ರೂಪಾಯಿ ದಾಟಬಾರದು.

ಮನೆ ಹಳೆಯದು. ಮುರಕಲ್ಲಿನ ಗೋಡೆಗೆ ಗಾರೆ, ಕೆಳಗೆ ಕಾವಿ ನೆಲ, ಮೇಲೆ ಮಂಗಳೂರು ಹೆಂಚು. ಸ್ಪೀಕರ್ ಇಡುವುದು ಚಾವಡಿಯಲ್ಲಿ. ಉದ್ದ 14 ಅಡಿ, ಅಗಲ 12 ಅಡಿ, ಒಂದು ಬದಿ ಜಗಲಿಗೆ ತೆರೆದಿದೆ. ಕೇಳುವುದು ಹೆಚ್ಚಾಗಿ ತಾಳಮದ್ದಳೆ, ಯಕ್ಷಗಾನದ ಪದಗಳು, ಭಾವಗೀತೆ. ಅಪರೂಪಕ್ಕೆ ಹಿಂದೂಸ್ತಾನಿ. ಹಳೆಯ ಕ್ಯಾಸೆಟ್‌ಗಳಿಂದ ಇಳಿಸಿದ ಎಂಪಿ3 ಒಂದು ಪೆನ್‌ಡ್ರೈವ್ ತುಂಬ ಇದೆ. ಉಳಿದದ್ದು ಮೊಬೈಲಿನಲ್ಲಿ.

ಎರಡು ದಾರಿ ಕಾಣುತ್ತಿದೆ. ಎಡಿಫೈಯರ್ ತರಹ ಆಂಪ್ ಒಳಗೇ ಇರುವ ಆಕ್ಟಿವ್ ಸ್ಪೀಕರ್. ಇಲ್ಲದಿದ್ದರೆ ಪೋಲ್ಕ್ ಟಿ15 ತರಹದ ಪ್ಯಾಸಿವ್ ಜೋಡಿ, ಜೊತೆಗೆ ಒಂದು ಸಣ್ಣ ಆಂಪ್. ನಾನು ಶಾಲೆಗೆ ಹೋದ ಮೇಲೆ ಅಪ್ಪ ಒಬ್ಬರೇ ಹಾಕಿಕೊಂಡು ಕೇಳಬೇಕು. ಅವರಿಗೆ 80 ದಾಟಿದೆ. ಯಾವುದು ಒಳ್ಳೆಯದು?

ಕುಂಬಳೆ ಕಡಲು

ಮಾಸ್ಟ್ರೇ, ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ಎಡಿಫೈಯರ್ ಆರ್1280ಟಿ ತೆಗೆದುಕೊಳ್ಳಿ. ನಮ್ಮಲ್ಲಿ ಅದೇ ಇರುವುದು. ಒಂದು ಪೆಟ್ಟಿಗೆಗೆ ಕರೆಂಟ್ ಕೊಟ್ಟರಾಯಿತು, ಇನ್ನೊಂದಕ್ಕೆ ಅದರಿಂದಲೇ ಒಂದು ವಯರ್ ಹೋಗುತ್ತದೆ. ಬದಿಯಲ್ಲಿ ಬಾಸ್, ಟ್ರೆಬಲ್, ವಾಲ್ಯೂಮ್ ತಿರುಗಿಸುವ ಗುಂಡಿಗಳು. ರಿಮೋಟೂ ಇದೆ. ಎರಡೂ ಸೇರಿ 42 ವ್ಯಾಟ್. ಬ್ಲೂಟೂತ್ ಬೇಕಾದರೆ ಆರ್1280ಡಿಬಿ ನೋಡಿ. ಅದರಲ್ಲಿ ಟಿವಿಗೆ ಜೋಡಿಸಲು ಆಪ್ಟಿಕಲ್, ಅಂದರೆ ಬೆಳಕಿನ ಕೇಬಲ್ ಹಾಕುವ ಜಾಗ ಕೂಡ ಸಿಗುತ್ತದೆ.

ಉಪ್ಪಳ ಸೋಲ್ಡರ್

ಕಡಲು ಹೇಳಿದ್ದು ಸುಳ್ಳಲ್ಲ. ಆದರೆ ನಾನು ರಿಪೇರಿ ಮಾಡುವವ, ನನ್ನ ಲೆಕ್ಕ ಬೇರೆ. ಆಕ್ಟಿವ್ ಸ್ಪೀಕರಿನಲ್ಲಿ ಕೋನ್ ಹಾಳಾಗಿ ಬರುವುದು ಕಮ್ಮಿ. ಬರುವುದೆಲ್ಲ ಬೋರ್ಡ್ ಸುಟ್ಟದ್ದು, ಪವರ್ ಸಪ್ಲೈ ಹೋದದ್ದು. ಅದೇ ಬೋರ್ಡ್ ಮತ್ತೆ ಸಿಗುವುದಿಲ್ಲ. ಆಗ ಒಳ್ಳೆಯ ಎರಡು ಪೆಟ್ಟಿಗೆ ಅಟ್ಟ ಸೇರುತ್ತವೆ.

ಪ್ಯಾಸಿವ್ ಆದರೆ ಒಳಗಿರುವುದು ಎರಡು ಡ್ರೈವರ್ (ಕೆಳಗಿನ ಸದ್ದಿಗೆ ವೂಫರ್, ಮೇಲಿನದ್ದಕ್ಕೆ ಟ್ವೀಟರ್), ಸದ್ದನ್ನು ಅವೆರಡಕ್ಕೆ ಹಂಚುವ ಒಂದು ಕ್ರಾಸೋವರ್. ಅಷ್ಟೇ. ಆಂಪ್ ಹೋದರೆ ಆಂಪ್ ಮಾತ್ರ ಬದಲಿಸಿ. ಟಿಪಿಎ3116 ಚಿಪ್ಪಿನ ಸಣ್ಣ ಆಂಪ್ ಕೆಲವು ಸಾವಿರಕ್ಕೆ ಬರುತ್ತದೆ. 19 ವೋಲ್ಟಿನ ಹಳೆ ಲ್ಯಾಪ್‌ಟಾಪ್ ಅಡಾಪ್ಟರ್ ಕೊಟ್ಟರೂ 8 ಓಮ್ ಸ್ಪೀಕರಿಗೆ ಚಾನೆಲಿಗೆ ಸುಮಾರು 20 ವ್ಯಾಟ್ ಕೊಡುತ್ತದೆ. ಡಬ್ಬದ ಮೇಲೆ 100 ಅಂತ ಬರೆದಿರುತ್ತಾರೆ, ಅದನ್ನು ಓದಲು ಹೋಗಬೇಡಿ.

ಅಡೂರು ಅಡಿಕೆ

20 ವ್ಯಾಟ್ ಎಂತಕ್ಕೆ ಸಾಕು ಮಾರಾಯ್ರೇ? ನಮ್ಮ ಪೇಟೆಯಲ್ಲಿ ಇದೇ ದುಡ್ಡಿಗೆ 5.1 ಸೆಟ್ ಕೊಡುತ್ತಾರೆ. ಐದು ಪುಟ್ಟ ಪೆಟ್ಟಿಗೆ, ಬಾಸಿಗೇ ಅಂತ ಒಂದು ದೊಡ್ಡ ಸಬ್‌ವೂಫರ್, ಬಣ್ಣದ ಲೈಟು, 10,000 ವ್ಯಾಟ್ ಪಿಎಂಪಿಒ. ನೆರೆಮನೆಯವರಿಗೂ ತಾಳಮದ್ದಳೆ ಪುಕ್ಕಟೆ.

ಹೊಸೂರಿನವ

10,000 ವ್ಯಾಟ್ ನಿಜವಾಗಿ ಎಳೆದರೆ 230 ವೋಲ್ಟಿನಲ್ಲಿ 43 ಆಂಪಿಯರ್ ಬೇಕು. ನಿಮ್ಮ ಮನೆಯ ಫ್ಯೂಸ್ ಹಾರಿ ಪಂಪ್‌ಶೆಡ್ ದಾಟುತ್ತದೆ. ಪಿಎಂಪಿಒ ಅಂಕಿಗೆ ಯಾವ ನಿಯಮವೂ ಇಲ್ಲ. ಆರ್‌ಎಂಎಸ್, ಅಂದರೆ ಎಡೆಬಿಡದೆ ಕೊಡಬಲ್ಲ ವ್ಯಾಟ್ ಮಾತ್ರ ನೋಡಿ.

ಆಮೇಲೆ ವ್ಯಾಟಿಗಿಂತ ಮುಖ್ಯ ಸೆನ್ಸಿಟಿವಿಟಿ. 1 ವ್ಯಾಟ್ ಕೊಟ್ಟಾಗ 1 ಮೀಟರ್ ದೂರದಲ್ಲಿ ಎಷ್ಟು ಡೆಸಿಬಲ್ ಅಂತ. ಪೋಲ್ಕ್ ಟಿ15ಕ್ಕೆ 89 ಅಂತ ಕಂಪನಿ ಹೇಳುತ್ತದೆ. ಎಲ್ಯಾಕ್ ಡೆಬ್ಯೂ ಬಿ5.2ಕ್ಕೆ 86. ಮೂರೇ ಡೆಸಿಬಲ್ ವ್ಯತ್ಯಾಸ ಅನಿಸುತ್ತದೆ, ಆದರೆ ಅದನ್ನು ತುಂಬಲು ಎರಡು ಪಟ್ಟು ವ್ಯಾಟ್ ಬೇಕು. ಹಾಗಂತ ಹೆದರಬೇಕಿಲ್ಲ. 86ರ ಜೋಡಿಯನ್ನೇ ಇಟ್ಟು ಎಂಟು ಅಡಿ ದೂರ ಕೂತರೂ, ಒಂದೊಂದಕ್ಕೆ 1 ವ್ಯಾಟ್ ಹೋದಾಗ ಕಿವಿಗೆ ಸುಮಾರು 80 ಡೆಸಿಬಲ್ ಸಿಗುತ್ತದೆ. ಮನೆಯಲ್ಲಿ ಅದು ಜೋರೇ. ಚೆಂಡೆಯ ಒಂದು ಪೆಟ್ಟಿಗೆ ಕ್ಷಣಕಾಲ ಹತ್ತು ಪಟ್ಟು ಬೇಕಾಗಬಹುದು. ಅಂದರೂ 10 ವ್ಯಾಟ್. ಸೋಲ್ಡರ್ ಅಣ್ಣನ 20 ವ್ಯಾಟ್ ಧಾರಾಳ.

ಮಾಸ್ಟ್ರೇ, ಬಜೆಟ್ ಸ್ವಲ್ಪ ಎಳೆಯಲು ಆಗುತ್ತದಾ? ಎಲ್ಯಾಕ್ ಅಥವಾ ವಾರ್ಫ್‌ಡೇಲ್ ಡೈಮಂಡ್ 12.1, ಅದಕ್ಕೆ ಯಮಹಾ ಎ-ಎಸ್201 ಆಂಪ್ ಹಾಕಿದರೆ...

ಅಡೂರು ಅಡಿಕೆ

ಬಂತು ನೋಡಿ "ಸ್ವಲ್ಪ ಎಳೆಯಿರಿ". ಹೊಸೂರಿನ ಭಾವ, ಬೆಂಗಳೂರು ನಿಮಗೆ ಹಿತ್ತಿಲು. ನಮಗೆ ಅಡಿಕೆಗೆ ರೇಟು ಬಂದ ವರ್ಷ ಮಾತಾಡೋಣ.

ಪೆರ್ಲದ ಅಕ್ಕ

ನಾನು ವ್ಯಾಟಿನವಳಲ್ಲ, ಹಾಡುವವಳು. ಒಂದು ಪ್ರಶ್ನೆ ಯಾರೂ ಕೇಳಲಿಲ್ಲ. ಮಾಸ್ಟ್ರು ಕೇಳುವುದರಲ್ಲಿ ಮುಕ್ಕಾಲು ಪಾಲು ಮನುಷ್ಯರ ದನಿ ಅಲ್ವಾ? ಅರ್ಥಧಾರಿಯ ಮಾತು, ಭಾಗವತರ ಪದ. ಗಂಡಸರ ದನಿ ಎಷ್ಟು ಗಡಸಾದರೂ 80 ಹರ್ಟ್ಸ್‌ಗಿಂತ ಕೆಳಗೆ ಹೋಗುವುದು ಅಪರೂಪ. ಭಾಗವತರ ಶ್ರುತಿ ಎತ್ತರದ್ದು. ಚೆಂಡೆಯದ್ದು ಬಹುಪಾಲು ಮೇಲಿನ ಸದ್ದು. ಹಾಗಿರುವಾಗ ಸಬ್‌ವೂಫರ್ ಯಾರಿಗೆ ಬೇಕು?

5.1 ಸೆಟ್ಟಿನಲ್ಲಿ ಆಗುವುದೇನೆಂದರೆ, ಪುಟ್ಟ ಪೆಟ್ಟಿಗೆಗಳಿಗೆ ದನಿಯ ಕೆಳಭಾಗ ಹೊರಡುವುದಿಲ್ಲ. ಅದನ್ನು ಮೂಲೆಯ ಸಬ್‌ವೂಫರಿಗೆ ತಳ್ಳುತ್ತಾರೆ. ಮಾತಾಡುವವರ ಎದೆ ಒಂದು ಕಡೆ, ಬಾಯಿ ಒಂದು ಕಡೆ. ಭೀಷ್ಮನ ಪೀಠಿಕೆ ಹಾಗೆ ಕೇಳಿ ನೋಡಿ, ನಗು ಬರುತ್ತದೆ.

ಪರೀಕ್ಷೆ ಮಾಡಲು ನಿಮ್ಮ ಪೆನ್‌ಡ್ರೈವೇ ಸಾಕು. ಹಳೆಯ ಕ್ಯಾಸೆಟ್ ತಾಳಮದ್ದಳೆಗಳು ಹೆಚ್ಚಿನವು ಮೋನೊ, ಅಂದರೆ ಎರಡು ಸ್ಪೀಕರಿನಲ್ಲೂ ಒಂದೇ ಸದ್ದು. ಎರಡು ಸ್ಪೀಕರ್ ಸರಿಯಾಗಿ ಇಟ್ಟಿದ್ದರೆ, ಜೋಡಿಯೂ ಸರಿ ಇದ್ದರೆ, ಮೋನೊ ದನಿ ಎರಡರ ನಡುವೆ, ಏನೂ ಇಲ್ಲದ ಜಾಗದಲ್ಲಿ ನಿಲ್ಲಬೇಕು. ಅಗಲವಾಗಿ ಹರಡಿಕೊಂಡರೆ ಎಲ್ಲೋ ತಪ್ಪಿದೆ. ಎರಡನೆಯದು, ಸಕಾರ ಷಕಾರ. "ಸಂಶಯ", "ಸಾಹಸ" ಅನ್ನುವಾಗ ಕಿವಿಗೆ ಸೂಜಿ ಚುಚ್ಚಿದ ಹಾಗೆ ಆದರೆ ಆ ಸ್ಪೀಕರ್ ಬಿಡಿ. ಅಂಗಡಿಯಲ್ಲಿ ಹತ್ತು ನಿಮಿಷ "ಆಹಾ ಎಷ್ಟು ಕ್ಲಿಯರ್" ಅನಿಸುತ್ತದೆ. ಮನೆಯಲ್ಲಿ ಎರಡು ಗಂಟೆಯ ಪ್ರಸಂಗ ಕೇಳಲು ಆಗುವುದಿಲ್ಲ.

ಇನ್ನೊಂದು. ಕ್ಯಾಸೆಟ್ಟಿನಿಂದ ಇಳಿಸಿದ್ದರಲ್ಲಿ ಸುಯ್ ಅನ್ನುವ ಸದ್ದು ಇದ್ದೇ ಇರುತ್ತದೆ. ಟ್ರೆಬಲ್ ಇಳಿಸುವ ಗುಂಡಿ ಇರುವ ಸೆಟ್ಟೇ ತೆಗೆದುಕೊಳ್ಳಿ. ಶುದ್ಧ ಸಂಗೀತದ ಭಕ್ತರು ಟೋನ್ ಕಂಟ್ರೋಲ್ ಅಂದರೆ ಮೂಗು ಮುರಿಯುತ್ತಾರೆ. ಮುರಿಯಲಿ.

ಹೊಸೂರಿನವ

ಅಕ್ಕ ಹೇಳಿದ್ದಕ್ಕೆ ನನ್ನ ತಕರಾರಿಲ್ಲ. ಒಂದು ಸೇರಿಸುತ್ತೇನೆ. ಸಣ್ಣ ವಾಲ್ಯೂಮಿನಲ್ಲಿ ಕೇಳಿದರೆ ನಮ್ಮ ಕಿವಿಗೆ ಕೆಳಗಿನ ಸ್ವರಗಳು ಕಮ್ಮಿ ಕೇಳಿಸುತ್ತವೆ. ಇದನ್ನು ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಅಳೆದು ತೋರಿಸಿದ್ದಾರೆ. ಹಾಗಾಗಿ ರಾತ್ರಿ ಮೆಲ್ಲಗೆ ಕೇಳುವಾಗ ಬಾಸ್ ಗುಂಡಿಯನ್ನು ಸ್ವಲ್ಪ ಏರಿಸಿದರೆ ಅದು ಪಾಪವೇನಲ್ಲ.

ಗಾತ್ರದ ವಿಷಯವೂ ಇದೆ. ಎಡಿಫೈಯರ್ 1280ರಲ್ಲಿ 4 ಇಂಚಿನ ವೂಫರ್. ಟಿ15ರಲ್ಲಿ ಐದೂಕಾಲು. ಅಂಕಿ ಹತ್ತಿರ ಕಂಡರೂ ವಿಸ್ತಾರದ ಲೆಕ್ಕದಲ್ಲಿ ಎರಡನೆಯದು ಸುಮಾರು 1.7 ಪಟ್ಟು. ಅಷ್ಟು ಜಾಸ್ತಿ ಗಾಳಿ ತಳ್ಳುತ್ತದೆ. 12 ಅಡಿಯ ಚಾವಡಿಗೆ, ಅದೂ ಒಂದು ಬದಿ ತೆರೆದದ್ದಕ್ಕೆ, ನನಗಾದರೆ ದೊಡ್ಡದೇ ಬೇಕು.

ನೀರ್ಚಾಲು ಮಾಸ್ಟ್ರು

ಅಕ್ಕ, ದೊಡ್ಡ ಉಪಕಾರ ಮಾಡಿದಿರಿ. 5.1 ಅಂತೂ ಪಟ್ಟಿಯಿಂದ ಹೋಯಿತು. ಚಾವಡಿಯ ಗೋಡೆಯಲ್ಲೇ ಹಳೆಯ ಕಪಾಟು ಇದೆ, ಹಲಸಿನ ಹಲಗೆಯದ್ದು. ಮೊದಲು ರೇಡಿಯೋ ಇಡುತ್ತಿದ್ದ ಜಾಗ. ಸ್ಪೀಕರ್ ಅದರೊಳಗೆ ಕೂರುತ್ತದೆ. ಅಲ್ಲಿಟ್ಟರೆ ಆಯಿತಲ್ಲ?

ಹೊಸೂರಿನವ

ಬೇಡ ಬೇಡ! ಹೆಸರು ಬುಕ್‌ಶೆಲ್ಫ್, ಆದರೆ ಕಪಾಟಿನೊಳಗೆ ತುರುಕಿದರೆ ಅದರಷ್ಟು ಕೆಟ್ಟ ಜಾಗ ಇಲ್ಲ. ಹೆಚ್ಚಿನ ಪೆಟ್ಟಿಗೆಗಳಲ್ಲಿ ಗಾಳಿ ಹೊರಬರುವ ತೂತು ಇದೆ. ಅದು ಹಿಂಬದಿಯಲ್ಲಿದ್ದರೆ ಗೋಡೆಯಿಂದ ಒಂದು ಅಡಿಯಾದರೂ ಮುಂದೆ ಬೇಕು. ಎಡಿಫೈಯರ್ 1280ರಲ್ಲಿ ಮುಂದೆ ಇದೆ, ಗೋಡೆಗೆ ಹತ್ತಿರ ಇಡಬಹುದು. ಆದರೂ ಗೂಡಿನೊಳಗೆ ಇಟ್ಟರೆ ಗೂಡೇ ಹಾಡಲು ಶುರುಮಾಡುತ್ತದೆ. ಮಾತು ಕೊಡಪಾನದೊಳಗಿಂದ ಬಂದಂತೆ ಕೇಳುತ್ತದೆ.

ಟ್ವೀಟರ್ ಕೂತವರ ಕಿವಿಯ ಎತ್ತರಕ್ಕೆ ಬರಬೇಕು. ಎರಡು ಸ್ಪೀಕರಿನ ನಡುವೆ ಆರು ಅಡಿ, ಕೂರುವವರಿಗೆ ಆರೇಳು ಅಡಿ. ಸ್ವಲ್ಪ ಒಳಮುಖ ತಿರುಗಿಸಿ. ಮೂಲೆಗೆ ತಳ್ಳಬೇಡಿ. 12 ಅಡಿ ಅಂತರದ ಎರಡು ಗೋಡೆಗಳ ನಡುವೆ 47 ಹರ್ಟ್ಸ್ ಆಸುಪಾಸಿನ ಸದ್ದು ಉಬ್ಬಿಕೊಳ್ಳುತ್ತದೆ. ಮೂಲೆಯಲ್ಲಿಟ್ಟರೆ ಇನ್ನೂ ಜಾಸ್ತಿ. ನಿಮಗೆ ಜಗಲಿ ಬದಿ ತೆರೆದಿರುವುದರಿಂದ ಮತ್ತು ಹೆಂಚಿನ ಸಂದಿಯಿಂದ ಗುಂಯ್ ಅನ್ನುವುದು ಅರ್ಧಕ್ಕರ್ಧ ಹೊರಗೆ ಹೋಗುತ್ತದೆ. ಸ್ಲ್ಯಾಬ್ ಹಾಕಿದ ಮನೆಯವರಿಗೆ ಆ ಭಾಗ್ಯ ಇಲ್ಲ.

ನಿಮ್ಮ ತೊಂದರೆ ಮೇಲಿನ ಸದ್ದಿನದ್ದು. ಗಾರೆಯ ಗೋಡೆ, ಕಾವಿ ನೆಲ, ಎರಡೂ ಗಟ್ಟಿ, ನುಣುಪು. ಚಾವಡಿಯ ನಡುವೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿ. "ಟರ್ರ್" ಅಂತ ಬಾಲ ಬಂದರೆ ಸದ್ದು ಎದುರುಬದುರು ಗೋಡೆಗೆ ಹೊಡೆದು ಓಡಾಡುತ್ತಿದೆ ಅಂತ ಅರ್ಥ. ಚೆಂಡೆ ಅಂಥ ಕೋಣೆಯಲ್ಲಿ ಕಿವಿ ಹರಿಯುತ್ತದೆ. ಸ್ಪೀಕರಿಗೂ ಕುರ್ಚಿಗೂ ನಡುವೆ ದಪ್ಪದ ಜಮಖಾನ ಹಾಸಿ. ಕೂರುವವರ ಹಿಂದಿನ ಗೋಡೆಗೆ ಏನಾದರೂ ಮೆತ್ತನೆಯದು ಬೇಕು.

ಅಡೂರು ಅಡಿಕೆ

ಮೆತ್ತನೆಯದ್ದಾ? ತೆಂಗಿನ ನಾರಿನ ಹಳೆ ಹಾಸಿಗೆ ಗೋಡೆಗೆ ಒರಗಿಸಿ, ಮೇಲೊಂದು ಬೆಡ್‌ಶೀಟ್. ನಮ್ಮಲ್ಲಿ ಅಡಿಕೆ ಗೋಣಿಗಳು ಚಾವಡಿಯ ಮೂಲೆಯಲ್ಲಿ ಪೇರಿಸಿರುವ ತಿಂಗಳುಗಳಲ್ಲಿ ಟಿವಿಯ ಮಾತು ಸ್ಪಷ್ಟ ಕೇಳುತ್ತದೆ. ಮಾರಿದ ಮೇಲೆ ಮತ್ತೆ ಗುಂಯ್. ತಮಾಷೆ ಅಲ್ಲ, ನಿಜ.

ಸ್ಟ್ಯಾಂಡಿಗೆ ದುಡ್ಡು ಹಾಕಬೇಡಿ ಮಾಸ್ಟ್ರೇ. ಮುರಕಲ್ಲು ಪೇರಿಸಿ, ಕಲ್ಲಿನ ನಡುವೆ ಸ್ವಲ್ಪ ಸಿಮೆಂಟು, ಮೇಲೆ ಹಲಸಿನ ಹಲಗೆ, ಹಲಗೆಯ ಮೇಲೆ ಹಳೆ ಟಯರ್ ಟ್ಯೂಬಿನ ನಾಲ್ಕು ತುಂಡು. ಮಕ್ಕಳು ದೂಡಿದರೂ ಅಲ್ಲಾಡುವುದಿಲ್ಲ. ಅಪ್ಪ ಈಸಿಚೇರಿನಲ್ಲಿ ಕೂರುವವರಾದರೆ ಕಿವಿ ಕೆಳಗೆ ಇರುತ್ತದೆ. ಅವರು ಕೂತ ಮೇಲೆ ಟೇಪು ಹಿಡಿದು ಅಳೆದು ಕಲ್ಲು ತರಿಸಿ.

ಹೊಸೂರಿನವ

ಭಾರ ಇದೆ, ಅಲ್ಲಾಡುವುದಿಲ್ಲ. ಸಾವಿರಾರು ರೂಪಾಯಿಯ ಸ್ಟ್ಯಾಂಡ್ ಮಾಡುವುದೂ ಅದನ್ನೇ. ಒಪ್ಪಿದೆ ಭಾವ.

ಕುಂಬಳೆ ಕಡಲು

ನಮ್ಮೂರಿನ ಮಳೆಗಾಲದ ಬಗ್ಗೆ ಒಂದು ಮಾತು. ಸಮುದ್ರದ ಬದಿಯವರಿಗೆ ಉಪ್ಪುಗಾಳಿ ಬೇರೆ. ಸ್ಪೀಕರ್ ಟರ್ಮಿನಲ್ ಹಸಿರಾಗುತ್ತದೆ, ಜಾಲರಿ ಬಟ್ಟೆಗೆ ಬೂಷ್ಟು ಹಿಡಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ದಿನಕ್ಕೆ ಅರ್ಧ ಗಂಟೆಯಾದರೂ ಹಾಕಿ. ಮುಚ್ಚಿಡುವುದಕ್ಕಿಂತ ಅದು ಒಳ್ಳೆಯದು. ಪ್ಲಾಸ್ಟಿಕ್ ಕವರ್ ಹಾಕಬೇಡಿ, ಒಳಗೆ ಬೆವರುತ್ತದೆ.

ನಮ್ಮ ದೊಡ್ಡಪ್ಪ ಗಲ್ಫಿನಿಂದ ತಂದ ಜಪಾನಿ ಸೆಟ್ ಒಂದಿತ್ತು. ಊರಿಗೆಲ್ಲ ಅದೇ ದೊಡ್ಡದು. ವೂಫರಿನ ಸುತ್ತಲಿನ ಫೋಮ್ ಪುಡಿಪುಡಿಯಾಗಿ ಉದುರಿತು. ಕೋನ್ ಚೆನ್ನಾಗಿಯೇ ಇದೆ! ಈಗ ಯಾರಾದರೂ "ಗಲ್ಫ್ ಸೆಟ್ ಕಮ್ಮಿಗೆ ಉಂಟು" ಅಂದರೆ ಮೊದಲು ಜಾಲರಿ ತೆಗೆದು ನೋಡಬೇಕು.

ಉಪ್ಪಳ ಸೋಲ್ಡರ್

ಫೋಮ್ ಸರೌಂಡ್ ಈ ಸೆಕೆಗೆ, ಈ ತೇವಕ್ಕೆ ಹತ್ತು ಹದಿನೈದು ವರ್ಷ ಬಂದರೆ ದೊಡ್ಡದು. ರಬ್ಬರ್ ಸರೌಂಡ್ ಇರುವುದನ್ನೇ ಆರಿಸಿ. ಈಗಿನ ಬುಕ್‌ಶೆಲ್ಫ್‌ಗಳಲ್ಲಿ ಹೆಚ್ಚಾಗಿ ರಬ್ಬರೇ. ಪೆಟ್ಟಿಗೆ ಎಂಡಿಎಫ್, ಅಂದರೆ ಒತ್ತಿದ ಮರದ ಪುಡಿ. ನೀರು ಕುಡಿದರೆ ಉಬ್ಬುತ್ತದೆ, ಗೆದ್ದಲಿಗೂ ಪ್ರೀತಿ. ಮಳೆ ಬಡಿಯುವ ಹೊರಗೋಡೆಗೆ ತಾಗಿಸಿ ಇಡಬೇಡಿ.

ಕರೆಂಟಿನ ಕತೆ ಇದಕ್ಕಿಂತ ದೊಡ್ಡದು. ಏಪ್ರಿಲ್, ಮೇಯಲ್ಲಿ ಸಂಜೆ ಗುಡುಗು ಸಿಡಿಲು, ಆಮೇಲೆ ತುಲಾಮಾಸದಲ್ಲಿ (ಅಕ್ಟೋಬರ್, ನವೆಂಬರ್) ಮತ್ತೆ. ನನ್ನ ಟೇಬಲಿಗೆ ಸುಟ್ಟ ಸೆಟ್‌ಗಳು ಸಾಲುಗಟ್ಟಿ ಬರುವುದು ಆಗಲೇ. ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ ಕಿತ್ತಿಡಿ. ಟಿವಿಗೆ ಜೋಡಿಸಿದ್ದರೆ ಡಿಶ್ಶಿನ ಕೇಬಲನ್ನೂ ಕೀಳಬೇಕು. ಸಿಡಿಲು ಅದರ ಮೂಲಕವೂ ಒಳಗೆ ಬರುತ್ತದೆ.

ಹಳ್ಳಿಯ ಲೈನಿನ ಕೊನೆಯಲ್ಲಿರುವವರಿಗೆ ಸಂಜೆ ವೋಲ್ಟೇಜ್ ಬೀಳುತ್ತದೆ. 100ರಿಂದ 240 ವೋಲ್ಟ್ ಅಂತ ಬರೆದಿರುವ ಅಡಾಪ್ಟರ್ ಇದ್ದರೆ ಚಿಂತೆ ಇಲ್ಲ. ಭಾರದ ಟ್ರಾನ್ಸ್‌ಫಾರ್ಮರ್ ಇರುವ ಆಂಪ್ ಆದರೆ ಸ್ಕ್ವೇರ್ ವೇವ್ ಇನ್ವರ್ಟರಿನಲ್ಲಿ ಗುರ್ ಅನ್ನುತ್ತದೆ. ಇನ್ವರ್ಟರ್ ಯಾವ ಬಗೆ ಅಂತ ಮೊದಲೇ ನೋಡಿಕೊಳ್ಳಿ.

ಟಿವಿಗೆ ಜೋಡಿಸಿದ ಕೂಡಲೇ ಹಮ್, ಅಂದರೆ ನಿಲ್ಲದೆ ಗುಂಯ್ ಅನ್ನುವ ಸದ್ದು ಬಂದರೆ ಸ್ಪೀಕರ್ ಕೆಟ್ಟದ್ದು ಅಂತ ವಾಪಸ್ ಮಾಡಬೇಡಿ. ಹೆಚ್ಚಾಗಿ ಅದು ಅರ್ಥಿಂಗಿನ ಸಮಸ್ಯೆ. ಆಪ್ಟಿಕಲ್ ಕೇಬಲಿನಲ್ಲಿ ಹೋಗುವುದು ಬೆಳಕು, ತಾಮ್ರದ ಸಂಪರ್ಕವೇ ಇಲ್ಲ. ಹಾಗಾಗಿ ಹಮ್ ದಾಟುವುದಿಲ್ಲ. ಆರ್1280ಡಿಬಿಗೆ ಜಾಸ್ತಿ ದುಡ್ಡು ಕೊಡಲು ನನ್ನ ಮಟ್ಟಿಗೆ ಬ್ಲೂಟೂತಿಗಿಂತ ಇದೇ ದೊಡ್ಡ ಕಾರಣ.

ನೀರ್ಚಾಲು ಮಾಸ್ಟ್ರು

ಮಂಗಳೂರಿಗೆ ಹೋಗಿದ್ದೆ. ಒಂದು ಅಂಗಡಿಯಲ್ಲಿ ಪ್ಯಾಸಿವ್ ಜೋಡಿಗಳನ್ನೂ ಆಕ್ಟಿವ್ ಒಂದನ್ನೂ ಕೇಳಲು ಬಿಟ್ಟರು. ಪೆನ್‌ಡ್ರೈವ್ ಕೊಟ್ಟು ತಾಳಮದ್ದಳೆ ಹಾಕಿ ಅಂದೆ. ಹುಡುಗ ವಿಚಿತ್ರವಾಗಿ ನೋಡಿದ. ಅಕ್ಕ ಹೇಳಿದ ಮೋನೊ ಪರೀಕ್ಷೆ ಅಲ್ಲಿ ಆಗಲಿಲ್ಲ, ಒಂದು ಸ್ಪೀಕರ್ ಶೋಕೇಸಿನ ಮೇಲೆ, ಇನ್ನೊಂದು ಫ್ರಿಜ್ಜಿನ ಹತ್ತಿರ. ಆದರೆ ಸಕಾರ ಷಕಾರ ಸರಿಯಾಗಿ ಗೊತ್ತಾಯಿತು. ಒಂದು ಹೆಸರುವಾಸಿ ಜೋಡಿ ಅದರಲ್ಲೇ ಹೋಯಿತು.

ಐದೂಕಾಲು ಇಂಚಿನದ್ದರಲ್ಲಿ ಮಾತಿಗೆ ತೂಕ ಜಾಸ್ತಿ, ಒಪ್ಪುತ್ತೇನೆ. ಮದ್ದಳೆ ಕೂಡ ತುಂಬಿ ಕೇಳಿತು. ಆದರೆ ಅಪ್ಪನನ್ನೂ ಕರೆದುಕೊಂಡು ಹೋಗಿದ್ದೆ. ಸಣ್ಣ ಆಂಪಿನ ಮುಂದೆ ಕೂತು ಅವರು ಕೇಳಿದ್ದು ಒಂದೇ: "ಇದರಲ್ಲಿ ಯಾವುದನ್ನು ಮೊದಲು ಒತ್ತುವುದು?" ಅಡಾಪ್ಟರ್ ಬೇರೆ, ಆಂಪ್ ಬೇರೆ, ಪ್ಲೇಯರ್ ಬೇರೆ. ಹಾಗಾಗಿ ಆರ್1280ಡಿಬಿ ಅಂತ ತೀರ್ಮಾನ ಮಾಡಿದೆ. ಒಂದು ಚಿಂತೆ ಉಳಿದಿದೆ. ಅದರಲ್ಲಿ ಪೆನ್‌ಡ್ರೈವ್ ಹಾಕುವ ಜಾಗ ಇಲ್ಲ.

ಕುಂಬಳೆ ಕಡಲು

ಮನೆಯಲ್ಲಿ ಹಳೆ ಡಿವಿಡಿ ಪ್ಲೇಯರ್ ಇಲ್ಲವಾ? ಮುಂದೆ ಯುಎಸ್‌ಬಿ ಇರುವಂಥದ್ದು? ಹಿಂದಿನ ಕೆಂಪು ಬಿಳಿ ಪಿನ್ನಿನಿಂದ ಸ್ಪೀಕರಿಗೆ ವಯರ್ ಕೊಡಿ. ಹಳದಿ ಪಿನ್ ಬಿಟ್ಟುಬಿಡಿ, ಅದು ಚಿತ್ರದ್ದು. ಪೆನ್‌ಡ್ರೈವಿನಲ್ಲಿ ಒಂದು ಪ್ರಸಂಗಕ್ಕೆ ಒಂದು ಫೋಲ್ಡರ್ ಮಾಡಿ. ಅಪ್ಪ ಪ್ಲೇ ಒತ್ತಿದರೆ ಸಾಕು.

ಪೆರ್ಲದ ಅಕ್ಕ

ಅಪ್ಪ ಆರಿಸಿದ್ದೇ ಸರಿ ಮಾಸ್ಟ್ರೇ. ಹಗಲೆಲ್ಲ ಕೇಳುವವರು ಅವರು. ಅವರ ವಯಸ್ಸಿಗೆ ಮೇಲಿನ ಸ್ವರ ಕಮ್ಮಿ ಕೇಳಿಸುವುದು ಸಾಮಾನ್ಯ. ಟ್ರೆಬಲ್ ಅವರಿಗೆ ಹಿತವಾದಷ್ಟು ಏರಿಸಿಕೊಡಿ. ನಿಮಗೆ ಬೇಕಾದಾಗ ಇಳಿಸಿಕೊಳ್ಳಿ.

ಉಪ್ಪಳ ಸೋಲ್ಡರ್

ನನ್ನ ಓಟು ಈಗಲೂ ಪ್ಯಾಸಿವಿಗೇ. ಇರಲಿ. ಮುಂದೆ ಬೋರ್ಡ್ ಹೋದರೆ ಪೆಟ್ಟಿಗೆ ಎಸೆಯಬೇಡಿ. ಡ್ರೈವರ್ ಚೆನ್ನಾಗಿದ್ದರೆ ಒಳಗಿನ ಬೋರ್ಡ್ ಬಿಚ್ಚಿ, ಟರ್ಮಿನಲ್ ಹಾಕಿ, ಹೊರಗಿನ ಆಂಪಿಗೆ ಕೊಡಬಹುದು. ಉಪ್ಪಳಕ್ಕೆ ತಂದರೆ ಮಾಡಿಕೊಡುತ್ತೇನೆ. ಎರಡು ಪೆಟ್ಟಿಗೆ ನಡುವಿನ ವಯರ್ ಗಿಡ್ಡ ಅನಿಸಿದರೆ ಮನೆ ವಯರಿಂಗಿನ 1.5 ಚದರ ಮಿಲಿಮೀಟರಿನ ತಾಮ್ರದ ವಯರೇ ಸಾಕು. ಪ್ಲಸ್ ಮೈನಸ್ ಅದಲುಬದಲು ಆಗದಂತೆ ನೋಡಿ. ಅದಲುಬದಲಾದರೆ ಅಕ್ಕನ ಮೋನೊ ದನಿ ನಡುವೆ ನಿಲ್ಲುವುದೇ ಇಲ್ಲ.

ಮಂಜೇಶ್ವರ ಹೊಸಬ

ಅಣ್ಣಂದಿರೇ, ನಾನು ಹೊಸಬ. ನನ್ನದು ಸ್ಲ್ಯಾಬ್ ಮನೆ, 10 ಅಡಿಗೆ 10 ಅಡಿ ಕೋಣೆ, ಮೇಜಿನ ಮೇಲೆ ಲ್ಯಾಪ್‌ಟಾಪ್. ಸಿನಿಮಾ ಹಾಡು ಜಾಸ್ತಿ. ನನಗೂ ಇದೇ ಆಗುತ್ತದಾ, ಟಿ15 ತರಲಾ?

ಹೊಸೂರಿನವ

ಚೌಕದ ಕೋಣೆ, ನಾಲ್ಕೂ ಕಡೆ ಗಟ್ಟಿ ಗೋಡೆ. ಉದ್ದ ಅಗಲ ಒಂದೇ ಆದ ಕಾರಣ 56 ಹರ್ಟ್ಸ್ ಆಸುಪಾಸು ಎರಡೂ ದಿಕ್ಕಿನಿಂದ ಉಬ್ಬುತ್ತದೆ. ದೊಡ್ಡ ವೂಫರ್ ಅಲ್ಲಿ ತೊಂದರೆಯನ್ನು ಹೆಚ್ಚಿಸುತ್ತದೆ ಅಷ್ಟೇ. 4 ಇಂಚಿನದ್ದು ಸಾಕು. ಬ್ಲೂಟೂತ್ ಬೇಡವಾದರೆ ಆರ್1280ಟಿ ತೆಗೆದುಕೊಂಡು ದುಡ್ಡು ಉಳಿಸಿ. ಮೇಜಿನ ಮೇಲೆ ಮೂರು ಅಡಿ ದೂರದಲ್ಲಿ ಕೂರುವುದಾದರೆ ಸ್ಪೀಕರಿನ ಮುಂಭಾಗದ ಕೆಳಗೆ ಸಣ್ಣ ಮರದ ತುಂಡು ಕೊಟ್ಟು ಕಿವಿಯ ಕಡೆಗೆ ಓರೆ ಮಾಡಿ. ಬಾಸ್ ಗುಂಡಿ ನಡುಗೆರೆಯಿಂದ ಸ್ವಲ್ಪ ಎಡಕ್ಕೆ.